ಅತಿವಾಹಕದ ಹೊಸ್ತಿಲಲ್ಲಿ ಎಲೆಕ್ಟ್ರಾನು

ಪಾದರಸವು ರಸವಾದಿಗಳನ್ನು ಎಷ್ಟು ಶತಮಾನಗಳ ಕಾಲ ಆಸೆ ತೋರಿಸಿ ಆಡಿಸಿತೋ ಹೇಳಲಾಗದು. ಭೌತವಿಜ್ಞಾನಿಗಳ ಪಾಲಿಗಾದರೋ ಅದು ಎರಡು ಬಾರಿ ಕೊಡುಗೈ ದಾನಿಯಾಯಿತು. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಅವರು ಅದನ್ನು ಸುಮಾರು 4.2 ಕೆಲ್ವಿನ್‌ವರೆಗೆ ತಣಿಸಿದಾಗ ಅದರ ವಿದ್ಯುತ್ ರೋಧವು ಹಠಾತ್ತನೆ ಅಳತೆಗೆ ಸಿಕ್ಕದಷ್ಟು ಕುಸಿದುಹೋದುದು ಮೊದಲನೆಯದು. 2007ರಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಲಾರೆನ್ಸ್ ಮೋಲೆನ್‌ಕಾಂಪ್ ಅವರ ತಂಡವು ಪಾದರಸ ಮತ್ತು ಟೆಲ್ಯುರಿಯಮ್ಮುಗಳ ಸಂಯುಕ್ತದ ಅತಿ ತೆಳುವಾದ ಪದರದಲ್ಲಿ, ಒಡಲೆಲ್ಲ ಅವಾಹಕವಾಗಿದ್ದರೂ ಅಂಚಿನಲ್ಲಿ ಮಾತ್ರ ವಿದ್ಯುತ್ತು ಹರಿಯುವುದನ್ನು ಕಂಡದ್ದು ಎರಡನೆಯದು. ಮೊದಲಿನದು ಅತಿವಾಹಕ, ಎರಡನೆಯದನ್ನು ಟೊಪಾಲಜಿಕಲ್ ಅವಾಹಕವೆನ್ನುತ್ತಾರೆ. ಇವೆರಡನ್ನು ಒಂದಕ್ಕೊಂದು ತಾಗಿಸಿದರೆ ಆ ಸಂಧಿಯಲ್ಲಿ ಎಲೆಕ್ಟ್ರಾನಿನ ಗತಿಯೇನು?

ಈ ಪದರವನ್ನು 6.3 ನ್ಯಾನೊಮೀಟರಿಗಿಂತ ತೆಳ್ಳಗೆ ಬೆಳೆಸಿದರೆ ಅದು ಕೇವಲ ಸಾಧಾರಣ ಅವಾಹಕ. ಅದಕ್ಕಿಂತ ದಪ್ಪವಾದೊಡನೆ, ಪಾದರಸದಂತಹ ಭಾರವಾದ ಪರಮಾಣುಗಳಲ್ಲಿ ಎಲೆಕ್ಟ್ರಾನಿನ ಗತಿಗೂ ಅದರ ಸ್ವಭ್ರಮಣಕ್ಕೂ ಇರುವ ಪ್ರಬಲವಾದ ನಂಟಿನಿಂದಾಗಿ ಒಳಗಿನ ಶಕ್ತಿಪಟ್ಟಿಗಳ ಕ್ರಮವೇ ತಲೆಕೆಳಗಾಗಿ, ಹೊರಗಣ ಸಹಜ ಕ್ರಮಕ್ಕೂ ಒಳಗಣ ವಿಲೋಮ ಕ್ರಮಕ್ಕೂ ಹೊಂದಿಕೆಯಾಗಬೇಕಾದ ಅಂಚಿನಲ್ಲಿ ವಾಹಕಪಥವೊಂದು ಅನಿವಾರ್ಯವಾಗಿ ಹುಟ್ಟಿಕೊಳ್ಳುತ್ತದೆ. ಆ ಪಥದ ಕಟ್ಟಳೆ ವಿಚಿತ್ರವಾದುದು: ಬಲಕ್ಕೆ ಸಾಗುವ ಎಲೆಕ್ಟ್ರಾನುಗಳ ಸ್ವಭ್ರಮಣವು ಊರ್ಧ್ವಮುಖವಾಗಿದ್ದರೆ ಎಡಕ್ಕೆ ಸಾಗುವವುಗಳದು ಅಧೋಮುಖವಾಗಿರಲೇಬೇಕು. ಆದುದರಿಂದ ದಾರಿಯಲ್ಲಿ ಕಲ್ಮಷದ ಕಣವೊಂದು ಎದುರಾದರೂ, ಅದಕ್ಕೆ ಕಾಂತಗುಣವಿಲ್ಲದ ಪಕ್ಷದಲ್ಲಿ, ಎಲೆಕ್ಟ್ರಾನು ಬಡಿದು ಹಿಂದಿರುಗುವಂತಿಲ್ಲ; ಹಿಂದಿರುಗಬೇಕಾದರೆ ಸ್ವಭ್ರಮಣವನ್ನು ಮಗುಚಬೇಕು, ಮಗುಚುವ ಸಾಮರ್ಥ್ಯ ಆ ಕಣಕ್ಕಿಲ್ಲ.

ಅತಿವಾಹಕದ ಕಟ್ಟಳೆ ಬೇರೆ. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ತೋರಿಸಿಕೊಟ್ಟಂತೆ, ಅಲ್ಲಿ ಎಲೆಕ್ಟ್ರಾನುಗಳು ವಿರುದ್ಧ ಸ್ವಭ್ರಮಣದ ಜೋಡಿಗಳಾಗಿ ಸಂಚರಿಸುತ್ತವೆ. ಸಾಕಷ್ಟು ಶಕ್ತಿಯಿಲ್ಲದೆ ಬಂದ ಒಂಟಿ ಎಲೆಕ್ಟ್ರಾನಿಗೆ, ಸಪತ್ನೀಕನಲ್ಲದವನಿಗೆ ಯಜ್ಞದೀಕ್ಷೆಯಿಲ್ಲವೆಂಬ ಶಾಸ್ತ್ರದಂತೆ, ಪ್ರವೇಶವೇ ಇಲ್ಲ. ಶ್ರೀರಾಮನಂಥವನೂ ಅಶ್ವಮೇಧಕ್ಕೆ ಕಾಂಚನದ ಸೀತೆಯನ್ನು ಮಾಡಿಸಬೇಕಾಯಿತಷ್ಟೆ. ಎಲೆಕ್ಟ್ರಾನಿನ ಉಪಾಯವೇನೆಂಬುದನ್ನು 1964ರಲ್ಲಿ, ಉಷ್ಣವಹನದ ಸಮಸ್ಯೆಯೊಂದನ್ನು ಬಿಡಿಸಹೊರಟ ಸೋವಿಯತ್ ವಿಜ್ಞಾನಿ ಆಂದ್ರೆಯೆವ್ ವಿವರಿಸಿದರು. ಅದು ತಾನಿರುವ ಬದಿಯಿಂದಲೇ ವಿರುದ್ಧ ಸ್ವಭ್ರಮಣದ ಇನ್ನೊಂದನ್ನು ಜೊತೆಗೂಡಿಸಿಕೊಂಡು ಒಳಹೊಗುತ್ತದೆ. ಹಾಗೆ ಹೋದುದರ ಸ್ಥಾನದಲ್ಲಿ ಉಳಿದ ತೆರವು, ಧನವಿದ್ಯುದಂಶವುಳ್ಳ ಕಣದಂತೆ ವರ್ತಿಸುತ್ತ, ಎಲೆಕ್ಟ್ರಾನು ಬಂದ ಜಾಡನ್ನೇ ಹಿಡಿದು ಮರಳುತ್ತದೆ. ಒಂದು ಬಂದರೆ ಎರಡು ದಾಟಿದಂತಾಯಿತು. ಆದಕಾರಣ ನಿರ್ದುಷ್ಟವಾದ ಸಂಧಿಯಲ್ಲಿ, ಅಲ್ಪ ವೋಲ್ಟೇಜಿನಲ್ಲಿ, ವಾಹಕತೆಯು ಇಮ್ಮಡಿಯಾಗುತ್ತದೆ.

ಸಾಮಾನ್ಯ ಲೋಹದಲ್ಲಿ ಈ ಇಮ್ಮಡಿ ಪೂರ್ಣವಾಗಿ ದೊರೆಯುವುದು ದುರ್ಲಭ, ಏಕೆಂದರೆ ಗಡಿಯಲ್ಲಿನ ಆಕ್ಸೈಡು, ಒರಟುತನ ಮೊದಲಾದವುಗಳಿಗೆ ತಾಗಿ ಕೆಲವು ಎಲೆಕ್ಟ್ರಾನುಗಳು ಎಲೆಕ್ಟ್ರಾನುಗಳಾಗಿಯೇ ಹಿಂದಕ್ಕೆ ಪುಟಿಯುತ್ತವೆ. ಟೊಪಾಲಜಿಕಲ್ ಅಂಚಿನಲ್ಲಾದರೋ ಹಾಗೆ ಪುಟಿಯುವುದು ನಿಷಿದ್ಧ. ಒಂಟಿಯಾಗಿ ಒಳಹೊಗುವುದೂ ನಿಷಿದ್ಧ. ಗಡಿ ಎಷ್ಟೇ ಕೆಟ್ಟದಾಗಿದ್ದರೂ ಆಂದ್ರೆಯೆವ್ ಹೇಳಿದ ಮಾರ್ಗವೊಂದೇ ಉಳಿಯುತ್ತದೆ. ಎರಡು ನಿಷೇಧಗಳು ಸೇರಿ ಒಂದು ವಿಧಿಯಾದ ಈ ಪರಿಯೇ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ತೋರುವ ಭಾಗ. ಬಿಸ್ಮತ್ ಸೆಲೆನೈಡಿನಂತಹ ಘನಸ್ಫಟಿಕಗಳ ಮೇಲ್ಮೈಯಲ್ಲಿ ಮಾತ್ರ ಈ ವಿಧಿ ಅಷ್ಟು ಕಠಿನವಲ್ಲ. ಅಲ್ಲಿ ಗಡಿಗೆ ನೇರವಾಗಿ ಬಂದವುಗಳಿಗೆ ಅದು ಪೂರ್ತಿ ಅನ್ವಯಿಸುತ್ತದೆ, ಓರೆಯಾಗಿ ಬಂದವು ಅಷ್ಟಿಷ್ಟು ನುಣುಚಿಕೊಳ್ಳಬಲ್ಲವು.

ಪ್ರವಾಹವು ನಿಜವಾಗಿಯೂ ಅಂಚಿನಲ್ಲಿಯೇ ಹರಿಯುತ್ತದೆಯೆ? ಹಾರ್ವರ್ಡಿನ ಅಮೀರ್ ಯಾಕೋಬಿ ಅವರ ತಂಡವು ಮೋಲೆನ್‌ಕಾಂಪ್ ಅವರ ತಂಡದೊಡನೆ ಸೇರಿ 2014ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಕಣ್ಣಿಗೆ ಕಟ್ಟುವಂತಹ ಉತ್ತರವನ್ನಿತ್ತಿತು. ಎರಡು ಅತಿವಾಹಕಗಳ ನಡುವೆ ಪಾದರಸದ ಟೆಲ್ಯುರೈಡಿನ ಪದರವನ್ನಿರಿಸಿ, ಅದಕ್ಕೆ ಲಂಬವಾಗಿ ಕ್ಷೀಣವಾದ ಕಾಂತಕ್ಷೇತ್ರವನ್ನು ತುಸುತುಸುವೇ ಏರಿಸುತ್ತ, ರೋಧವಿಲ್ಲದೆ ಹರಿಯಬಲ್ಲ ಗರಿಷ್ಠ ಪ್ರವಾಹವನ್ನು ಅಳೆಯುತ್ತ ಹೋದರು. ಕಾಂತಕ್ಷೇತ್ರವು ಜೋಡಿಗಳ ಅಲೆಗಳನ್ನು ಸಂಧಿಯ ಅಗಲದುದ್ದಕ್ಕೂ ಬೇರೆಬೇರೆಯಾಗಿ ಹಿಂದುಮುಂದು ಮಾಡುವುದರಿಂದ ನಕ್ಷೆಯಲ್ಲಿ ಏರಿಳಿತಗಳು ಮೂಡುತ್ತವೆ. ಪ್ರವಾಹವು ಇಡೀ ಅಗಲವನ್ನು ತುಂಬಿಕೊಂಡಿದ್ದರೆ ನಡುವೆ ಒಂದು ಎತ್ತರದ ಶಿಖರ, ಅದರ ಇಕ್ಕೆಲಗಳಲ್ಲಿ ಅರ್ಧ ಅಗಲದ, ಕ್ರಮೇಣ ಕುಗ್ಗುವ ಕಿರುಶಿಖರಗಳು. ಎರಡು ಅಂಚುಗಳಲ್ಲಿ ಮಾತ್ರ ಹರಿದರೆ ಸಮಾನ ಎತ್ತರದ, ಸಮಾನ ಅಗಲದ ಶಿಖರಗಳ ಸಾಲು. ವೋಲ್ಟೇಜಿನ ಬಲದಿಂದ ಪದರದ ಒಡಲಿನ ಎಲೆಕ್ಟ್ರಾನುಗಳನ್ನು ಬರಿದು ಮಾಡುತ್ತ ಬಂದಂತೆ ಮೊದಲನೆಯ ನಕ್ಷೆಯು ಎರಡನೆಯದಾಗಿ ಮಾರ್ಪಟ್ಟಿತು!

ಇಷ್ಟು ಗಟ್ಟಿಯಾದ ನೆಲ. ಮುಂದಿನದು ಕೆಸರು. 2008ರಲ್ಲಿ ಲಿಯಾಂಗ್ ಫು ಮತ್ತು ಚಾರ್ಲ್ಸ್ ಕೇನ್ ಅವರು, ಇಂತಹ ಸಂಧಿಗಳಲ್ಲಿ ಮಯೋರಾನಾ ಸ್ಥಿತಿಗಳೆಂಬ, ತನಗೆ ತಾನೇ ಪ್ರತಿಕಣವಾಗಿರುವ ವಿಲಕ್ಷಣ ಸ್ಥಿತಿಗಳು ನೆಲೆಸಬಲ್ಲವೆಂದು ಗಣಿಸಿ ಹೇಳಿದಂದಿನಿಂದ ಅವುಗಳ ಬೇಟೆ ನಡೆದಿದೆ. ಸಂಧಿಯ ಮೇಲೆ ಸೂಕ್ಷ್ಮತರಂಗಗಳನ್ನು ಬೀರಿದರೆ ಅದರ ವೋಲ್ಟೇಜು, ಪ್ರತಿ ಗಿಗಾಹರ್ಟ್ಸ್ ಆವೃತ್ತಿಗೆ ಸುಮಾರು 2 ಮೈಕ್ರೊವೋಲ್ಟಿನಂತೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮಯೋರಾನಾ ಸ್ಥಿತಿಗಳಿದ್ದಲ್ಲಿ ಬೆಸಸಂಖ್ಯೆಯ ಮೆಟ್ಟಿಲುಗಳು ಕಾಣೆಯಾಗಬೇಕು. 2016ರಲ್ಲಿ ವುರ್ಟ್ಸ್‌ಬುರ್ಗಿನವರು ಮೊದಲನೆಯ ಮೆಟ್ಟಿಲು ಕಾಣೆಯಾದುದನ್ನು ವರದಿ ಮಾಡಿದಾಗ ಹರ್ಷೋದ್ಗಾರವೆದ್ದುದು ಸಹಜವೇ. ಆದರೆ 2021ರಲ್ಲಿ, ಟೊಪಾಲಜಿಯ ಸೋಂಕೂ ಇಲ್ಲದ ಇಂಡಿಯಮ್ ಆರ್ಸೆನೈಡಿನ ಸಂಧಿಯೊಂದರಲ್ಲಿಯೂ ಬೆಸ ಮೆಟ್ಟಿಲುಗಳು ಕಾಣೆಯಾದುವು: ಎಲೆಕ್ಟ್ರಾನುಗಳು ಒಂದು ಶಕ್ತಿಸ್ಥಿತಿಯಿಂದ ನೆರೆಯ ಇನ್ನೊಂದಕ್ಕೆ ವೇಗದ ಭರದಲ್ಲಿ ಜಿಗಿದರೂ ಅದೇ ಲಕ್ಷಣ ತೋರುತ್ತದೆ. ಹೀಗಾಗಿ ಮೆಟ್ಟಿಲು ಇಲ್ಲದಿರುವುದೊಂದನ್ನೇ ಸಾಕ್ಷ್ಯವೆಂದು ಒಪ್ಪಿಸಿದರೆ ಇಂದು ಯಾರೂ ತೀರ್ಪು ಕೊಡರು. ಅದರೊಡನೆ ಬೇರೆ ಅಳತೆಗಳನ್ನೂ ತರಬೇಕೆಂದು ಕೇಳುತ್ತಾರೆ.