ಪ್ರೌಢಶಾಲೆಯ ಪೋಷಕರು

ಪ್ರೌಢಶಾಲೆಗಳ ಸೂಚನಾಫಲಕದಲ್ಲಿ ‘ಪೋಷಕರ ಸಭೆ’ ಎಂದು ಬರೆದಿರುವುದನ್ನು ಕಾಣದ ಉಪಾಧ್ಯಾಯರಿಲ್ಲ. ಅಲ್ಲಿ ಪೋಷಕರೆಂದರೆ ವಿದ್ಯಾರ್ಥಿಯ ತಾಯಿತಂದೆಗಳು. ಅವರಿಲ್ಲದ ಪಕ್ಷದಲ್ಲಿ ಮಗುವನ್ನು ಸಾಕುತ್ತಿರುವ ಬಂಧುಗಳು. ಇದೇ ಶಬ್ದವು ಸಾಹಿತ್ಯಸಂಸ್ಥೆಯೊಂದರ ಸದಸ್ಯರ ಪಟ್ಟಿಯಲ್ಲಿ ಬಂದರೆ ಅರ್ಥವು ಬೇರೆಯಾಗುತ್ತದೆ. ಸಂಸ್ಥೆಯಿಂದ ತಮಗೇನೂ ಪ್ರಯೋಜನವಿಲ್ಲದಿದ್ದರೂ ಅದಕ್ಕೆ ಹೆಚ್ಚಿನ ದ್ರವ್ಯಸಹಾಯವನ್ನು ಮಾಡಿದ ಮಹನೀಯರೇ ಅಲ್ಲಿ ಪೋಷಕರು. ಧಾತುವು ಒಂದೇ, ಪ್ರತ್ಯಯವೂ ಒಂದೇ. ಆದರೂ ಶಾಲೆಗೆ ಈ ಎರಡನೆಯ ಅರ್ಥದ ಪೋಷಕರು ಇರಬೇಕೆ, ಇದ್ದರೆ ಅವರು ಯಾರು, ಎಂಬ ಪ್ರಶ್ನೆಯು ಈ ಕಾಲದಲ್ಲಿ ಬಹುಮಟ್ಟಿಗೆ ಮರೆತುಹೋಗಿದೆ. ಎಲ್ಲ ವರ್ಗದ ಮಕ್ಕಳನ್ನೂ ಒಂದೆಡೆ ಸೇರಿಸಿಕೊಳ್ಳತಕ್ಕ ಸರ್ವಸಾಮಾನ್ಯ ಪ್ರೌಢಶಾಲೆಯ ಬಾಳುವೆಯು ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಸರ್ವಸಾಮಾನ್ಯ ಶಾಲೆಯೆಂಬ ಕಲ್ಪನೆಯು ನಮ್ಮಲ್ಲಿ ರಾಜ್ಯನೀತಿಯ ಭಾಷೆಗೆ ಬಂದದ್ದು 1964-66ರ ಕೊಠಾರಿ ಆಯೋಗದ ವರದಿಯಿಂದ. ಒಂದು ನೆರೆಹೊರೆಯ ಮಕ್ಕಳೆಲ್ಲರೂ ಜಾತಿ, ಮತ, ಐಶ್ವರ್ಯಗಳ ಭೇದವಿಲ್ಲದೆ ಆ ನೆರೆಹೊರೆಯ ಒಂದೇ ಶಾಲೆಯಲ್ಲಿ ಓದಬೇಕೆಂಬುದು ಆಯೋಗದ ಅಭಿಪ್ರಾಯವಾಗಿತ್ತು. ಇಂಗ್ಲೆಂಡಿನಲ್ಲಿಯೂ 1965ರಲ್ಲಿಯೇ, ಹನ್ನೊಂದನೆಯ ವಯಸ್ಸಿನ ಪರೀಕ್ಷೆಯಿಂದ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುವ ಪದ್ಧತಿಯನ್ನು ಬಿಟ್ಟು ಎಲ್ಲರಿಗೂ ಒಂದೇ ಬಗೆಯ ಪ್ರೌಢಶಾಲೆಯನ್ನು ಏರ್ಪಡಿಸುವಂತೆ ಸ್ಥಳೀಯ ಅಧಿಕಾರಿಗಳಿಗೆ ಸುತ್ತೋಲೆ ಹೊರಟಿತು. ಎರಡು ದೇಶಗಳಲ್ಲಿಯೂ ಕಾರ್ಯವು ಕಲ್ಪನೆಯಷ್ಟು ದೂರ ಹೋಗಲಿಲ್ಲ. ಆ ವಿಚಾರವು ಇಲ್ಲಿ ಪ್ರಕೃತವಲ್ಲ. ಕನ್ನಡನಾಡಿನ ಲೇಖಗಳಲ್ಲಿ ಇದಕ್ಕೆ ಹಿಂದಿನ ಪಾಠಗಳೇನಿವೆ ಎಂಬುದೇ ಪ್ರಕೃತ.

ಇಂಡಿ ತಾಲ್ಲೂಕಿನ ಸಾಲೋಟಗಿಯ ಹೆಸರೇ ಒಂದು ಪಾಠ. ಕ್ರಿ. ಶ. 945ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಆಗ ಪಾವಿಟ್ಟಗೆ ಎಂದು ಕರೆಯಿಸಿಕೊಳ್ಳುತ್ತಿದ್ದ ಆ ಊರಿನಲ್ಲಿ ತ್ರೈಪುರುಷರ ಶಾಲೆಯೊಂದನ್ನು ಕಟ್ಟಿಸಿದನು. ಕಾಲಕ್ರಮದಲ್ಲಿ ಊರು ಶಾಲಾಪಾವಿಟ್ಟಗೆಯಾಗಿ, ಶಬ್ದವು ಜನರ ಬಾಯಲ್ಲಿ ಸವೆದು ಸಾಲೋಟಗಿಯಾಯಿತು. ಶಾಲೆಯು ಊರಿನ ಹೆಸರನ್ನು ಹೊತ್ತಿರುವುದು ಎಲ್ಲೆಲ್ಲಿಯೂ ಉಂಟು; ಊರೇ ಶಾಲೆಯ ಹೆಸರನ್ನು ಹೊತ್ತದ್ದು ವಿರಳ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ ಅಲ್ಲಿ 27 ನಿವೇಶನಗಳಿದ್ದುವು. ರಾತ್ರಿಯ ದೀಪಕ್ಕೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟಿದ್ದಿತು. ಆದರೆ ಮಂತ್ರಿಯ ದಾನಕ್ಕಿಂತಲೂ ಹೆಚ್ಚು ಗಮನಾರ್ಹವಾದದ್ದು ಊರಿನವರ ಒಪ್ಪಂದ. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರಲ್ಲಿ ಅರ್ಧ, ಚೌಲವಾದರೆ ಮತ್ತೆ ಅದರಲ್ಲಿ ಅರ್ಧ. ಊರಿನಲ್ಲಿ ಔತಣವೇರ್ಪಟ್ಟಾಗ ಸಾಧ್ಯವಾದಷ್ಟು ಮಂದಿ ವಿದ್ಯಾರ್ಥಿಗಳಿಗೆ ಊಟ. ಕೊಡತಕ್ಕವನ ಮಗನು ಆ ಶಾಲೆಯಲ್ಲಿ ಓದುತ್ತಿದ್ದಾನೆಯೆ ಎಂದು ಶಾಸನವು ಕೇಳುವುದಿಲ್ಲ. ಮನೆಯಲ್ಲಿ ಶುಭಕಾರ್ಯವಾಯಿತೆ, ಶಾಲೆಯ ಪಾಲು ಹುಟ್ಟಿತು. ಇದು ಎರಡನೆಯ ಅರ್ಥದ ಪೋಷಕತ್ವವು ಕಟ್ಟಳೆಯಾಗಿ ನಿಂತಿರುವ ಉದಾಹರಣೆ. ಅದರ ಮಿತಿಯನ್ನೂ ಹೇಳಲೇಬೇಕು: ಕೊಟ್ಟವರು ಅಗ್ರಹಾರದ ಮಹಾಜನರು, ಉಂಡವರು ಅವರ ಪಂಕ್ತಿಗೆ ಅರ್ಹರಾದವರು. ಪೋಷಣೆಯು ಪೂರ್ಣವಾಗಿತ್ತು, ಪಂಕ್ತಿಯು ಮುಚ್ಚಿತ್ತು.

ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಇದಕ್ಕೆ ಪ್ರತಿಯಾದ ಚಿತ್ರವನ್ನು ಕೊಡುತ್ತದೆ. ವೇದವೇದಾಂಗಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಷಡ್ದರ್ಶನಗಳು, ಕಾವ್ಯನಾಟಕಗಳು ಇವೆಲ್ಲವುಗಳ ವ್ಯಾಖ್ಯಾನಸ್ಥಾನವೆಂದು ಮಠವನ್ನು ಹೊಗಳಿದ ಶಾಸನಕವಿಯು ಅದೇ ಉಸಿರಿನಲ್ಲಿ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾಜಿಸುವವರು, ಕುಣಿಯುವವರು ಇವರಿಗೆಲ್ಲ ಅನ್ನದಾನವು ನಡೆಯುವ ಸ್ಥಾನವೆಂದೂ, ಅನಾಥ ರೋಗಿಗಳಿಗೆ ಚಿಕಿತ್ಸೆಯು ದೊರೆಯುವ ಸ್ಥಾನವೆಂದೂ, ಸಕಲ ಪ್ರಾಣಿಗಳಿಗೂ ಅಭಯಸ್ಥಾನವೆಂದೂ ವರ್ಣಿಸಿದ್ದಾನೆ. ಶಾಸನಗಳ ಪ್ರಶಂಸೆಯಲ್ಲಿ ಅತಿಶಯೋಕ್ತಿಯಿರುವುದು ಸಹಜವಾದರೂ, ಹೊಗಳಲು ಆರಿಸಿಕೊಂಡ ಗುಣಗಳಾವುವು ಎಂಬುದೇ ಆ ಕಾಲದ ಆದರ್ಶಕ್ಕೆ ಸಾಕ್ಷಿ. ಇಲ್ಲಿ ಅನ್ನದ ಪಂಕ್ತಿಯು ತೆರೆದಿತ್ತು. ಅಕ್ಷರದ ಪಂಕ್ತಿಯು ಅಷ್ಟೇ ತೆರೆದಿತ್ತೆಂದು ಶಾಸನವು ಹೇಳುವುದಿಲ್ಲ. ಕುರುಡನಿಗೆ ಅನ್ನವು ಸಿಕ್ಕಿತು. ಅವನ ಮಗನಿಗೆ ವ್ಯಾಕರಣವು ಸಿಕ್ಕಿತೆ?

ಈ ಎರಡು ಪಂಕ್ತಿಗಳೂ ಕೂಡುವುದಕ್ಕೆ ಬಹುಕಾಲ ಹಿಡಿಯಿತು. ನಡುವೆ ವಾರಾನ್ನವೆಂಬ ಸಂಪ್ರದಾಯವು ಅನೇಕ ಬಡಹುಡುಗರನ್ನು ವಿದ್ವಾಂಸರನ್ನಾಗಿ ಮಾಡಿತು. ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯ ಊಟ. ಅದರಲ್ಲಿ ಔದಾರ್ಯವೂ ಇತ್ತು, ಹುಡುಗನು ತಲೆತಗ್ಗಿಸಿ ಹೊಸ್ತಿಲು ದಾಟಬೇಕಾದ ಸಂಕೋಚವೂ ಇತ್ತು. ಸಾಮಾನ್ಯವಾಗಿ ಹೊಸ್ತಿಲು ಸ್ವಜಾತಿಯದೇ ಆಗಿರುತ್ತಿತ್ತು. ವಿದ್ಯಾರ್ಥಿನಿಲಯಗಳು ಬಂದ ಮೇಲೆ ಸಂಕೋಚವು ಕಡಮೆಯಾಯಿತು. ಗೌರಿಬಿದನೂರು ಸೀಮೆಯ ಹೊಸೂರಿನಿಂದ 1935ರಲ್ಲಿ ನಡೆದೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದ ಬಡಹುಡುಗ ಎಚ್. ನರಸಿಂಹಯ್ಯನವರು ಇಂಥ ನಿಲಯದ ಆಶ್ರಯದಿಂದಲೇ ಓದಿದರು. 1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಕೆಂಗೇರಿಯ ಸಮೀಪದ ಜ್ಞಾನಭಾರತಿಯಲ್ಲಿ ಕಾರ್ಯಮಾಡಿದ್ದು ಎಲ್ಲರೂ ಬಲ್ಲ ಸಂಗತಿ. ಅಷ್ಟು ದೊಡ್ಡ ಪದವಿಗೇರಿದ ಮೇಲೂ ವಿದ್ಯಾರ್ಥಿನಿಲಯದ ಕೊಠಡಿಯನ್ನೇ ಮನೆಯಾಗಿ ಉಳಿಸಿಕೊಂಡದ್ದು, ತಮ್ಮನ್ನು ಪೋಷಿಸಿದ ವಸ್ತುವು ಯಾವುದೆಂಬುದನ್ನು ಅವರು ಮರೆಯದಿದ್ದ ಕಾರಣದಿಂದಲೇ ಇರಬೇಕು.

ಅಕ್ಷರದ ಪಂಕ್ತಿಯನ್ನು ತೆರೆದದ್ದು ರಾಜಾಜ್ಞೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಜಾತಿಯ ಕಾರಣದಿಂದ ಯಾವ ಮಗುವನ್ನೂ ಸರ್ಕಾರದ ಶಾಲೆಯಿಂದ ಹೊರಗಿಡಕೂಡದೆಂದು ಮೈಸೂರು ಸರ್ಕಾರವು ಆಜ್ಞೆಮಾಡಿತು. ಕೆಲವೆಡೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅಂದರೆ ಪಂಕ್ತಿಯು ತೆರೆದೊಡನೆಯೇ ಪಂಕ್ತಿಯಿಂದ ಏಳುವವರೂ ಹುಟ್ಟಿದರು. ಮುಂದಿನ ಕಥೆಗೆ ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಬೆಂಗಳೂರಿನ ಪಡುವಣ ಭಾಗವು ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ ಎಂಬ ಮೂರು ದಾರಿಗಳಿಂದ ತುಂಬಿದ ಪ್ರದೇಶ. ಕೈಗಾರಿಕೆಯ ಉಪನಗರವಾಗಿ ರಾಜಾಜಿನಗರವು ಬೆಳೆಯಿತು; ಅನಂತರ ಬಸವೇಶ್ವರನಗರ, ವಿಜಯನಗರಗಳು; ಹಳೆಯ ಊರಾದ ಕೆಂಗೇರಿಯನ್ನು ನಗರವೇ ಬಂದು ಮುಟ್ಟಿತು. ಇಲ್ಲಿಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಾರ್ಖಾನೆಯ ಕೆಲಸಗಾರರ, ಕಟ್ಟಡದ ಕೂಲಿಗಳ, ಮನೆಗೆಲಸದ ಸ್ತ್ರೀಯರ ಮಕ್ಕಳು ಹೆಚ್ಚು; ಮನೆಮಾತು ಕನ್ನಡವಾದವರ ಪಕ್ಕದಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನವರು ಕುಳಿತಿರುತ್ತಾರೆ. ಸಾಲೋಟಗಿಯ ಶಾಸನದಲ್ಲಿ ಹೇಳಿದ ನಾನಾ ಜನಪದಗಳು ಇಲ್ಲಿಗೆ ಬಂದಿವೆಯೆಂದರೆ ತಪ್ಪಾಗದು. ಕನ್ನಡದ ಪಾಠವು ಇವರೆಲ್ಲರಿಗೂ ಸಮಾನವಾದ ನೆಲ. ಸಾಹಿತ್ಯದ ಉಪಾಧ್ಯಾಯರಿಗೆ ಇಂಥ ತರಗತಿಯಲ್ಲಿರುವ ಹೊಣೆಯು ಸಾಮಾನ್ಯವಾದದ್ದಲ್ಲ.

ಈ ಮಕ್ಕಳ ಮಧ್ಯಾಹ್ನದ ಊಟದ ಚರಿತ್ರೆಯಲ್ಲಿ ರಾಜಾಜಿನಗರಕ್ಕೆ ಒಂದು ಸ್ಥಾನವಿದೆ. ಅಲ್ಲಿಯ ಹರೇಕೃಷ್ಣಗಿರಿಯ ಇಸ್ಕಾನ್ ದೇವಾಲಯದವರು 2000ದಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1500 ಮಕ್ಕಳಿಗೆ ಊಟವನ್ನು ಕೊಡಲಾರಂಭಿಸಿದರು. ಅದೇ ಅಕ್ಷಯಪಾತ್ರದ ಆರಂಭ. ಮರುವರ್ಷದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಆಹಾರವನ್ನು ಕೊಡಬೇಕೆಂದು ಆಜ್ಞಾಪಿಸಿತು. ಕರ್ನಾಟಕದ ಅಕ್ಷರದಾಸೋಹವು 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ, 2007ರಲ್ಲಿ ಪ್ರೌಢಶಾಲೆಯ 8ರಿಂದ 10ರವರೆಗಿನ ತರಗತಿಗಳಿಗೂ ವಿಸ್ತರಿಸಿತು. ಯೋಜನೆಗೆ ಇಟ್ಟ ಹೆಸರು ವಿಚಾರಾರ್ಹವಾಗಿದೆ. ಶರಣರ ಪರಿಭಾಷೆಯಲ್ಲಿ ದಾಸೋಹವೆಂಬುದು ಕೊಡುವವನು ತನ್ನನ್ನು ದಾಸನೆಂದು ಭಾವಿಸಿ ಕೊಡತಕ್ಕದ್ದು; ದಾನದಲ್ಲಿ ಕೊಡುವವನ ಕೈ ಮೇಲೆ, ದಾಸೋಹದಲ್ಲಿ ಹಾಗಲ್ಲ.

ಆದರೆ ಕೊಡುವವರು ಕಟ್ಟಳೆಯನ್ನೂ ಕೊಡುವುದು ಹಳೆಯ ವಾಡಿಕೆ. ದತ್ತಿಯ ಶಾಸನಗಳೆಲ್ಲವೂ ದಾನಿಯು ವಿಧಿಸಿದ ನಿಯಮಗಳಿಂದ ತುಂಬಿರುತ್ತವೆ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಅಡುಗೆಯು ಮಕ್ಕಳಿಗೆ ರುಚಿಸುವುದೆ ಎಂದು 2018-19ರ ಸುಮಾರಿನಲ್ಲಿ ಎದ್ದ ಚರ್ಚೆಯೂ, ಮೊಟ್ಟೆಯನ್ನು ಕೊಡುವ ವಿಷಯದಲ್ಲಿ 2021ರಲ್ಲಿ ಎದ್ದ ವಾದವೂ ಈ ದೃಷ್ಟಿಯಿಂದ ಹೊಸವಲ್ಲ. ಮೊಟ್ಟೆಯನ್ನೊಲ್ಲದ ಮಗುವಿಗೆ ಬಾಳೆಯ ಹಣ್ಣನ್ನೋ ಕಡಲೆಕಾಯಿಯ ಚಿಕ್ಕಿಯನ್ನೋ ಕೊಡುವ ಏರ್ಪಾಡಾಯಿತು. ತಟ್ಟೆಯೊಳಗಿನ ವಸ್ತುವು ಬೇರೆಯಾದರೂ ಕುಳಿತುಕೊಳ್ಳುವ ಸಾಲು ಒಂದೇ ಆಗಿದ್ದರೆ ಪಂಕ್ತಿಯು ಕೆಟ್ಟಂತಲ್ಲ. ಸಾಲು ಬೇರೆಯಾದರೆ ತಟ್ಟೆಯಲ್ಲಿ ಒಂದೇ ಅನ್ನವಿದ್ದರೂ ಕೆಟ್ಟಂತೆಯೇ. ಅಡುಗೆ ಮಾಡಿದವಳ ಜಾತಿಯನ್ನು ಕೇಳಿ ಮಕ್ಕಳನ್ನು ಊಟಕ್ಕೆ ಕುಳ್ಳಿರಿಸದ ಸಂಗತಿಗಳು ಕರ್ನಾಟಕದ ಕೆಲವು ಗ್ರಾಮಗಳಿಂದ ಈಚೆಗೂ ವರದಿಯಾಗಿವೆ. ಇಂಥ ಕಡೆ ನೀತಿಪಾಠದ ಅವಧಿಯು ಎಷ್ಟಿದ್ದರೇನು?

‘ಮೌಲ್ಯ’ವೆಂಬ ಶಬ್ದವನ್ನು ಈಗ ಶಾಲೆಗಳು ಧಾರಾಳವಾಗಿ ಬಳಸುತ್ತವೆ. ಅದು ಮೂಲತಃ ಬೆಲೆಯೆಂಬ ಅರ್ಥದ ಶಬ್ದ. ನಡತೆಗೆ ಅದನ್ನು ಹೇಳುವುದು ಈಚಿನ ರೂಢಿ. ಹಿಂದಿನವರು ಶೀಲ, ವಿನಯ ಎನ್ನುತ್ತಿದ್ದರು. ವಿನಯವೆಂದರೆ ಶಿಕ್ಷಣವೆಂದೇ ಅರ್ಥವಿತ್ತು, ತಲೆಬಾಗುವುದೆಂಬುದು ಅನಂತರದ ಸಂಕೋಚಿತಾರ್ಥ. ಅನೇಕ ಶಾಲೆಗಳಲ್ಲಿ ಹೇಳುವ ತೈತ್ತಿರೀಯದ ಶಾಂತಿಮಂತ್ರದಲ್ಲಿಯೂ ಒಂದು ಸೂಕ್ಷ್ಮವಿದೆ. ಅಲ್ಲಿಯ ಸರ್ವನಾಮವು ದ್ವಿವಚನ, ಅಂದರೆ ಗುರು ಶಿಷ್ಯರಿಬ್ಬರು. ನಾವೆಲ್ಲರೆಂದು ಮಕ್ಕಳಿಗೆ ಅರ್ಥಹೇಳುವುದು ವ್ಯಾಕರಣಕ್ಕೆ ಒಪ್ಪದು. ಅದರಲ್ಲಿ ಬರುವ ಭುಜ್ ಧಾತುವಿಗೆ ಪರಸ್ಮೈಪದದಲ್ಲಿ ಪಾಲಿಸುವುದೆಂದೂ ಆತ್ಮನೇಪದದಲ್ಲಿ ಉಣ್ಣುವುದೇ ಮೊದಲಾದ ಅರ್ಥವೆಂದೂ ಪಾಣಿನಿಯ ವ್ಯವಸ್ಥೆ. ಫಲವು ಪರರಿಗಾದರೆ ಪಾಲನೆ, ತನಗಾದರೆ ಭೋಜನ ಎಂದು ಪದಗಳ ಹೆಸರಿನಿಂದಲೇ ನೆನಪಿಡಲು ಮಕ್ಕಳಿಗೆ ಹೇಳಿಕೊಡಬಹುದು.

ಈಗ ಪೋಷಕರ ವಿಚಾರಕ್ಕೆ ಮರಳಬಹುದು. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕ ಸರ್ಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. ಶಿಕ್ಷಣದ ಹಕ್ಕಿನ 2009ರ ಕಾನೂನು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ತಾಯಿತಂದೆಗಳೂ, ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದು ವಿಧಿಸಿತು. ಪೋಷಕರ ಮೊದಲನೆಯ ಅರ್ಥಕ್ಕೆ ಇದರಿಂದ ಅಧಿಕಾರವು ಬಂದಿತು, ಇದು ಒಳ್ಳೆಯದೇ. ಎರಡನೆಯ ಅರ್ಥವು ಮಾತ್ರ ಕ್ಷೀಣಿಸಿತು. ಅನುಕೂಲಸ್ಥರು ತಮ್ಮ ಮಕ್ಕಳನ್ನು ಶುಲ್ಕದ ಶಾಲೆಗಳಿಗೆ ಕಳುಹಿಸಿದರು. 1915ರಲ್ಲಿ ಸಿಟ್ಟಿನಿಂದ ಆದದ್ದು ಈಗ ಸದ್ದಿಲ್ಲದೆ ಆಯಿತು. ಮಗುವು ಹೊರಟೊಡನೆ ಮನೆಯ ಗಮನವೂ ಶಾಲೆಯಿಂದ ಹೊರಟಿತು. ಊಟವನ್ನು ಸರ್ಕಾರವೂ ದತ್ತಿಸಂಸ್ಥೆಗಳೂ ಕೊಡುತ್ತವೆ. ನೆರೆಹೊರೆಯು ಕೊಡುವುದೇನೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಉಳ್ಳವರ ಮಕ್ಕಳೂ ಮರಳಿ ಬಂದರೆ ಎಲ್ಲವೂ ಸರಿಯಾಗುವುದೆಂದು ಹೇಳುವವರುಂಟು. ಕೊಠಾರಿ ಆಯೋಗದ ಆಶಯವೂ ಅದೇ. ಆದರೆ ಸಾಲೋಟಗಿಯ ಮಹಾಜನರು ಅದಕ್ಕಾಗಿ ಕಾಯಲಿಲ್ಲ. ಮಕ್ಕಳಿಲ್ಲದ ಮನೆಗೂ ಶಾಲೆಯ ಋಣವನ್ನು ಹೊರಿಸಿದರು.

ಅದಕ್ಕೆ ಹತ್ತಿರವಾದ ಏರ್ಪಾಡೊಂದು ಈಗಿನ ಪಿಎಂ ಪೋಷಣ್ ಯೋಜನೆಯಲ್ಲಿದೆ. ಹಬ್ಬ, ಹುಟ್ಟುಹಬ್ಬ, ಮದುವೆ ಮೊದಲಾದ ಶುಭದಿನಗಳಲ್ಲಿ ಊರಿನವರು ತಾವಾಗಿ ಶಾಲೆಯ ಮಕ್ಕಳಿಗೆ ವಿಶೇಷವಾದ ಊಟವನ್ನು ಕೊಡಬಹುದು. ಅದಕ್ಕೆ ಯೋಜನೆಯಲ್ಲಿ ‘ತಿಥಿಭೋಜನ’ವೆಂದು ಹೆಸರು. ಗುಜರಾತಿನಿಂದ ಬಂದ ಈ ಹೆಸರಿನಲ್ಲಿ ಅಲ್ಲಿಯವರಿಗೆ ದೋಷವೇನೂ ಕಾಣದು. ಕನ್ನಡದ ಮನೆಗಳಲ್ಲಿ ತಿಥಿಯ ಊಟವೆಂದರೆ ಶ್ರಾದ್ಧದ ಊಟ. ಮಗಳ ಮದುವೆಯ ದಿನ ಶಾಲೆಯಲ್ಲಿ ತಿಥಿಭೋಜನವನ್ನು ಮಾಡಿಸಿರೆಂದು ರಾಜಾಜಿನಗರದ ಗೃಹಸ್ಥರನ್ನು ಕೇಳಿದರೆ ಅವರು ಬೆಚ್ಚಿಬೀಳದಿರುವರೆ? ಕಲ್ಯಾಣಮಂಟಪಗಳು ಆ ಭಾಗದಲ್ಲಿ ಬೇಕಾದಷ್ಟಿವೆ, ಅವುಗಳಿಂದ ಕೂಗಳತೆಯಲ್ಲಿ ಸರ್ಕಾರಿ ಶಾಲೆಗಳೂ ಇವೆ. ಹೆಸರನ್ನು ಬದಲಿಸಬೇಕಾದರೆ ಸಾಲೋಟಗಿಯ ಪಟ್ಟಿಯಲ್ಲಿ ಮದುವೆ, ಮುಂಜಿ, ಚೌಲ ಎಂಬ ಮೂರು ಸಂದರ್ಭಗಳು ಆಗಲೇ ಸಿದ್ಧವಾಗಿವೆ. ಶಾಲೆಯ ಪಾಲೆಂದರೆ ಸಾಕು.