ಇಲಿ ಬಿದ್ದ ಊರು, ಮಾರಿಯ ಮುನಿಸು

ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಿಂದ ಅಕ್ಕಲಕೋಟೆ, ಸೊಲ್ಲಾಪುರಗಳವರೆಗೆ ಹರಡಿರುವ ಗಡಿನಾಡ ಕನ್ನಡ ಸೀಮೆಯಲ್ಲಿ, ದಖ್ಖನ್ನಿನ ಉಳಿದೆಡೆಯಂತೆಯೇ, ಸಾಂಕ್ರಾಮಿಕ ಬೇನೆಯೆಂದರೆ ಮಾರಿಯ ಮುನಿಸು ಎಂಬ ನಂಬಿಕೆ ಬೇರೂರಿತ್ತು. ಆ ಮುನಿಸಿನಿಂದ ಪಾರಾಗಲು ಜನ ವಾರ ಹಿಡಿಯುತ್ತಿದ್ದರು, ಮಾರಿಯನ್ನು ಸೀಮೆ ದಾಟಿಸುತ್ತಿದ್ದರು, ಕೆಲವೊಮ್ಮೆ ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ‘ಹೊರಬೀಡು’ ಹೂಡುತ್ತಿದ್ದರು.

ಈ ಸೀಮೆಗೆ ದಕ್ಷಿಣದಲ್ಲಿರುವ ವಿಜಯಪುರ ಔರಂಗಜೇಬನ ವಶವಾದ ಎರಡೇ ವರ್ಷಗಳಲ್ಲಿ, ಅಂದರೆ 1688ರಲ್ಲಿ, ಅಲ್ಲಿ ಕಾಣಿಸಿಕೊಂಡ ಪಿಡುಗಿಗೆ ಅವನ ಪತ್ನಿ ಔರಂಗಾಬಾದಿ ಮಹಲ್ ಕೂಡ ಬಲಿಯಾದಳು. ಜ್ವರದೊಂದಿಗೆ ಕಂಕುಳು, ತೊಡೆಸಂದುಗಳಲ್ಲಿ ಗಂಟು ಏಳುತ್ತಿದ್ದುದನ್ನು ಇತಿಹಾಸಕಾರ ಖಾಫಿ ಖಾನ್ ದಾಖಲಿಸಿದ್ದು, ಅದು ಗಂಟು ಪ್ಲೇಗಿನ ಸ್ಪಷ್ಟ ಲಕ್ಷಣವಾಗಿದೆ.

ಪ್ಲೇಗಿನ ಬ್ಯಾಕ್ಟೀರಿಯವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದರೆ, ಅದು ಇಲಿಯ ಚಿಗಟದಿಂದ ಹರಡುತ್ತದೆಂಬುದನ್ನು ಪಾಲ್ ಲೂಯಿ ಸಿಮಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಸೋಂಕಿದ ಚಿಗಟದ ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಬ್ಯಾಕ್ಟೀರಿಯಗಳು ಗಡ್ಡೆಗಟ್ಟಿ ದಾರಿ ಮುಚ್ಚುವುದರಿಂದ, ಹೀರಿದ ರಕ್ತ ಹೊಟ್ಟೆಗಿಳಿಯದೆ ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಪ್ರತಿ ಕಡಿತದಲ್ಲೂ ರೋಗಾಣುಗಳು ಗಾಯದೊಳಗೆ ಸೇರುತ್ತವೆ. ಇಲಿ ಸತ್ತು ದೇಹ ತಣ್ಣಗಾದ ಮೇಲೆ ಚಿಗಟಗಳು ಮನುಷ್ಯನತ್ತ ತಿರುಗುತ್ತವೆ. ಆದ್ದರಿಂದಲೇ ಮೊದಲು ಇಲಿ ಬೀಳುತ್ತವೆ, ಆಮೇಲೆ ಜನ ಮಲಗುತ್ತಾರೆ.

ಇಲಿ ಬಿದ್ದೊಡನೆ ಊರು ಬಿಟ್ಟವರು ದೇವಿಗೆ ಅಂಜಿಯೇ ಹೊರಟಿದ್ದರೂ, ಚಿಗಟದ ಬಾಯಿಂದ ತಪ್ಪಿಸಿಕೊಳ್ಳುತ್ತಿದ್ದರು. ಆದರೆ ಕಾಳಿನ ಚೀಲ, ಕೌದಿ, ಕಂಬಳಿಗಳನ್ನು ಹೊತ್ತೊಯ್ದಾಗ ಚಿಗಟಗಳೂ ಜೊತೆಗೆ ಸಾಗುವ ಸಾಧ್ಯತೆಯಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಮತ್ತು ವ್ಯಾಪಾರದ ದಾರಿ ಹಿಡಿದು ದಖ್ಖನ್ನಿಗೆ ಇಳಿದಾಗ, ಹತ್ತಿಯ ಗಿರಣಿಗಳ ಸೊಲ್ಲಾಪುರವೂ ಅದರಿಂದ ಪಾರಾಗಲಿಲ್ಲ. ದಖ್ಖನ್ನಿನಲ್ಲಿ ಪ್ಲೇಗು ಬೇಸಿಗೆಯ ಒಣ ಸೆಕೆಯಲ್ಲಿ ತಗ್ಗಿ, ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಬಿರುಸಾಗುತ್ತಿತ್ತು. ಹುಲಜಂತಿಯಲ್ಲಿ ಪಲ್ಲಕ್ಕಿಗಳು ಕೂಡಿ ಭಂಡಾರ (ಅರಿಸಿನ ಪುಡಿ) ಹಾರುವ, ಮಾಳಿಂಗರಾಯ ದೇವರ ದೀಪಾವಳಿ ಜಾತ್ರೆಯ ಕಾಲವೂ ಇದೇ. ಜಾತ್ರೆಗಳ ಮೇಲೆ ಸರ್ಕಾರ ಆಗ ನಿರ್ಬಂಧ ಹೇರತೊಡಗಿದ್ದಕ್ಕೆ ಜನಸಂದಣಿಯಲ್ಲಿ ಪ್ಲೇಗು ಹರಡೀತೆಂಬ ಭಯವೇ ಕಾರಣ.

ಊರು ಬಿಡುವುದೊಂದೇ ಸಾಲದೆಂಬುದು 1994ರಲ್ಲಿ ಬೀಡ್ ಜಿಲ್ಲೆಯ ಮಾಮ್ಲಾ ಗ್ರಾಮದಲ್ಲಿ ಪ್ಲೇಗು ಕಾಣಿಸಿಕೊಂಡಾಗ ತಿಳಿಯಿತು. 1993ರ ಕಿಲ್ಲಾರಿ ಭೂಕಂಪದ ನಂತರ ಭಯದಿಂದ ಬಿಟ್ಟುಹೋದ ಮನೆಗಳಲ್ಲಿ ಉಳಿದ ಧಾನ್ಯ ತಿಂದು ಇಲಿಗಳು ಹೆಚ್ಚಿದ್ದವು. ಇಂದು ಪ್ಲೇಗಿಗೆ ಪ್ರತಿಜೀವಕ ಔಷಧಿಗಳಿವೆ. ಆದರೂ ಊರಿನಲ್ಲಿ ಇಲಿಗಳು ಕಾರಣವಿಲ್ಲದೆ ಸಾಲುಸಾಲಾಗಿ ಸತ್ತರೆ, ಅವನ್ನು ಬರಿಗೈಯಲ್ಲಿ ಮುಟ್ಟದೆ, ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಬೇಕು.