ಬಿದ್ದ ಮಿನಾರು ಬೇರೆ ಲೇಯರಿನಲ್ಲಿರಲಿ

ಔರಾದ ತಾಲ್ಲೂಕಿನ ಎಕಂಬಾದ ಒಂದು ಮದುವೆಗೆ ಬೀದರಿನ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರು ತಯಾರಾಗುತ್ತಿದೆ ಅಂದುಕೊಳ್ಳಿ. ಹತ್ತು ಅಡಿ ಅಗಲ, ಆರು ಅಡಿ ಎತ್ತರ. ನಡುವೆ ವಧೂವರರು, ಮೇಲೆ ಮನೆದೇವರು, ಎರಡೂ ಬದಿಗೆ ನೆಂಟರ ದುಂಡನೆಯ ಫೋಟೋಗಳು, ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ಹೆಸರುಗಳು. ಎಲ್ಲರೂ ನೋಡಿ ಒಪ್ಪಿಯಾಗಿದೆ. ರಾತ್ರಿ ಹತ್ತಕ್ಕೆ ಫೋನು ಬರುತ್ತದೆ: "ಅಣ್ಣಾರೀ, ಭಾಲ್ಕಿ ಕಾಕಾಂದು ಫೋಟೋನೇ ಇಲ್ಲ ನೋಡ್ರಿ. ಮತ್ತ ಹಿಂದಿಂದು ಕೆಂಪು ಭಾಳ ಆಗೇದ, ಜರಾ ಕಮ್ಮಿ ಮಾಡ್ರಿ." ಅಂಗಡಿಯವನ ಹತ್ತಿರ ಉಳಿದಿರುವುದು ಜೆಪೆಗ್ ಕಡತ ಮಾತ್ರವಾದರೆ ಅವನಿಗೆ ಆ ರಾತ್ರಿ ನಿದ್ದೆಯಿಲ್ಲ. ಫೋಟೋಶಾಪ್‌ನ ಸ್ವಂತ ಕಡತವಾದ ಪಿಎಸ್‌ಡಿ ಉಳಿಸಿಕೊಂಡಿದ್ದರೆ ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಇಂಚಿಗೆ 72 ಚುಕ್ಕಿಯ ಲೆಕ್ಕದಲ್ಲಿ ಆ ಬ್ಯಾನರು 8,640 ಚುಕ್ಕಿ ಅಗಲ, 5,184 ಚುಕ್ಕಿ ಎತ್ತರ. ಒಟ್ಟು ಸುಮಾರು ನಾಲ್ಕೂವರೆ ಕೋಟಿ ಚುಕ್ಕಿ, ಅಂದರೆ ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ. ಪ್ರತಿಯೊಂದೂ 0ಯಿಂದ 255ರ ಒಳಗೆ. ಜೆಪೆಗ್‌ನಲ್ಲಿ ಚಿತ್ರವೆಂದರೆ ಇಷ್ಟೇ. ಯಾವ ಚುಕ್ಕಿ ಹಿನ್ನೆಲೆಯ ಪರದೆಯದು, ಯಾವುದು ವಧುವಿನ ಸೀರೆಯದು ಎಂಬುದು ಆ ಕಡತಕ್ಕೆ ಗೊತ್ತಿಲ್ಲ. ಪರದೆಯ ಕೆಂಪು ತಗ್ಗಿಸಲು ಹೋದರೆ ಕುಂಕುಮವೂ ಮಂಕಾಗುತ್ತದೆ. ಪಿಎಸ್‌ಡಿಯಲ್ಲಿ ಪರದೆ ಒಂದು ಲೇಯರು, ಅಂದರೆ ಒಂದು ಪದರ, ವಧೂವರರು ಇನ್ನೊಂದು, ಹೆಸರುಗಳು ಮತ್ತೊಂದು. ಅದಕ್ಕಿಂತ ಮುಖ್ಯವಾಗಿ, "ಪರದೆಯ ಕೆಂಪನ್ನು ಇಷ್ಟು ಏರಿಸು" ಎಂಬ ಆಜ್ಞೆಯೂ ತಾನೇ ಒಂದು ಲೇಯರಾಗಿ ಕೂತಿರುತ್ತದೆ. ಆಜ್ಞೆಯನ್ನು ಬದಲಿಸಿದರೆ ಸಾಕು, ಕೆಳಗಿನ ಪರದೆಯನ್ನು ಯಾರೂ ಮುಟ್ಟಿರುವುದಿಲ್ಲ. ಮೂಲ ಕೆಡಿಸದೆ ತಿದ್ದುವುದು ಎಂದರೆ ಇದು: ಫಲಿತಾಂಶದ ಬದಲು ಸೂಚನೆಯನ್ನು ಉಳಿಸಿಕೊಳ್ಳುವುದು.

ಕಂಟ್ರೋಲ್-ಝಡ್ ಇದೆಯಲ್ಲ ಎನ್ನಬಹುದು. ಅದರ ದಾರಿ ಬೇರೆ. ಫೋಟೋಶಾಪ್‌ನಲ್ಲಿ ಹಲವು ಹೆಜ್ಜೆ ಹಿಂದಕ್ಕೆ ಹೋಗುವ ಹಿಸ್ಟರಿ ಪಟ್ಟಿ 1998ರ 5.0 ಆವೃತ್ತಿಯಲ್ಲಿ ಬಂತು. ಕಡತ ಮುಚ್ಚಿದೊಡನೆ ಆ ಪಟ್ಟಿ ಅಳಿದುಹೋಗುತ್ತದೆ. ತೆರೆದಿರುವಾಗಲೂ ಅದು ಬಂದ ದಾರಿಯಲ್ಲೇ ಹಿಮ್ಮೆಟ್ಟುತ್ತದೆ. ಮೂರನೆಯ ಹೆಜ್ಜೆಯ ಕೆಂಪು ಬದಲಿಸಬೇಕೆಂದರೆ ಅದರ ನಂತರ ಮಾಡಿದ ಇಪ್ಪತ್ತು ಹೆಜ್ಜೆಗಳನ್ನೂ ಬಿಟ್ಟುಕೊಡಬೇಕು.

ಕೆಡುವುದು ಎಂದರೆ ಏನು ಕೆಡುತ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚಿತ್ರದ ಬೆಳಕನ್ನು ಎರಡರಷ್ಟು ಮಾಡಿದಿರಿ. 140 ಇದ್ದ ಚುಕ್ಕಿ 280 ಆಗಬೇಕು, 200 ಇದ್ದದ್ದು 400. ಆದರೆ ಪೆಟ್ಟಿಗೆಯಲ್ಲಿ 255ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ, ಎರಡೂ 255ಕ್ಕೆ ನಿಲ್ಲುತ್ತವೆ. ಹೆಚ್ಚಾಯಿತೆಂದು ಈಗ ಅರ್ಧಕ್ಕೆ ಇಳಿಸಿದರೆ ಎರಡೂ 127. ಒಂದು ಗಲ್ಲ, ಇನ್ನೊಂದು ಮೂಗುತಿಯ ಹೊಳಪು ಆಗಿದ್ದವು ಈಗ ಒಂದೇ ಬೂದು. ಮೊದಲು ಕತ್ತಲು ಮಾಡಿ ಆಮೇಲೆ ಬೆಳಗಿಸಿದರೂ ಪೆಟ್ಟು ತಪ್ಪುವುದಿಲ್ಲ: 200, 201 ಎರಡೂ 100 ಆಗಿ, ಮತ್ತೆ ಎರಡೂ 200 ಆಗುತ್ತವೆ. 256 ಮೆಟ್ಟಿಲಿನ ಏಣಿಯಲ್ಲಿ 128 ಮೆಟ್ಟಿಲು ಮಾತ್ರ ಉಳಿಯುತ್ತವೆ. ಆಕಾಶದಂಥ ನಯವಾದ ಜಾಗದಲ್ಲಿ ಇದು ಪಟ್ಟೆಪಟ್ಟೆಯಾಗಿ ಕಾಣಿಸಿಕೊಳ್ಳುತ್ತದೆ. ಅಳತೆ ಕಿರಿದು ಮಾಡಿ ಹಿಗ್ಗಿಸುವುದಂತೂ ಇನ್ನೂ ಕಡೆ. 400 ಚುಕ್ಕಿ ಅಗಲದ ಮುಖವನ್ನು 100ಕ್ಕೆ ಇಳಿಸಿದರೆ ಹದಿನಾರರಲ್ಲಿ ಒಂದು ಪಾಲು ಮಾಹಿತಿ ಉಳಿಯುತ್ತದೆ. ಮತ್ತೆ 400ಕ್ಕೆ ಎಳೆದಾಗ ಉಳಿದದ್ದನ್ನು ತಂತ್ರಾಂಶ ಸುಮ್ಮನೆ ಕಲ್ಪಿಸಿ ತುಂಬುತ್ತದೆ. ಭಾಲ್ಕಿ ಕಾಕಾ ಬ್ಯಾನರಿನಲ್ಲಿ ಮೇಣದ ಬೊಂಬೆಯಂತೆ ಕಾಣುವುದು ಇದರಿಂದಲೇ.

ಈ ತೊಂದರೆಗೆ ಪರಿಹಾರ ಕಂತಿನಲ್ಲಿ ಬಂತು. ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಲೇಯರೇ ಇರಲಿಲ್ಲ. ತಂದು ಅಂಟಿಸಿದ ಚಿತ್ರ ತುಸು ಹೊತ್ತು ತೇಲುತ್ತಿತ್ತು, ಆಯ್ಕೆ ಬಿಟ್ಟೊಡನೆ ಹಿನ್ನೆಲೆಯಲ್ಲಿ ಕಲೆತುಹೋಗುತ್ತಿತ್ತು. ಲೇಯರು ಬಂದದ್ದು 1994ರ 3.0ರಲ್ಲಿ. ಸೂಚನೆಯನ್ನೇ ಲೇಯರಾಗಿಸುವ ಅಡ್ಜಸ್ಟ್‌ಮೆಂಟ್ ಲೇಯರು 1996ರಲ್ಲಿ. ಮೂಲ ಅಳತೆಯ ಚಿತ್ರವನ್ನು ಒಳಗೆ ಬಚ್ಚಿಟ್ಟುಕೊಂಡು ಪ್ರತಿ ಸಲವೂ ಅದರಿಂದಲೇ ಹೊಸ ಅಳತೆ ತೆಗೆಯುವ ಸ್ಮಾರ್ಟ್ ಆಬ್ಜೆಕ್ಟ್ 2005ರಲ್ಲಿ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಲೇಯರುಗಳು ಬಹಳ ಹಿಂದಿನಿಂದ ಇದ್ದರೂ, ಹಾಕಿದ ಫಿಲ್ಟರನ್ನು ಆಮೇಲೆ ತೆರೆದು ಬದಲಿಸುವ ಅನುಕೂಲ ಸಿಕ್ಕಿದ್ದು 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಲ್ಲಿ. ಇಷ್ಟು ತಡವಾಯಿತೆಂದು ನಗುವವರಿದ್ದಾರೆ. ಲೆಕ್ಕ ಮಾಡುವ ಇಡೀ ಯಂತ್ರವನ್ನೇ ಬಿಚ್ಚಿ ಹೊಸದಾಗಿ ಕೂರಿಸಬೇಕಾದ ಕೆಲಸವದು. ನನಗೆ ನಗು ಬರುವುದಿಲ್ಲ.

ಇದು ಒಳಗೆ ಹೇಗೆ ನಡೆಯುತ್ತದೆಂದು ತಿಳಿಯಲು ಬೀದರಿನ ಮಹಮೂದ್ ಗವಾನ್ ಮದರಸಾಕ್ಕಿಂತ ಒಳ್ಳೆಯ ಚಿತ್ರ ನನಗೆ ತೋಚುವುದಿಲ್ಲ. ಬಹಮನಿ ಅರಸರ ಮಂತ್ರಿ ಗವಾನ್ 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯದ ಮುಂಭಾಗಕ್ಕೆ ಎರಡು ಮಿನಾರುಗಳಿದ್ದವು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆದ ಸ್ಫೋಟದಲ್ಲಿ ಒಂದು ಮಿನಾರು ಮುಂಭಾಗದ ಬಹುಪಾಲನ್ನೂ ಕರೆದುಕೊಂಡು ಬಿತ್ತು. ಉಳಿದ ಮಿನಾರಿನ ಮೈಮೇಲೆ ಬಣ್ಣದ ಹೆಂಚಿನ ಅಂಕುಡೊಂಕು ಪಟ್ಟಿಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತವೆ. ಮುಂದೆ ನಿಂತು ಒಂದು ಫೋಟೋ ತೆಗೆಯಿರಿ. ಬಿದ್ದ ಮಿನಾರನ್ನು ಕಂಪ್ಯೂಟರಿನಲ್ಲಿ ಎಬ್ಬಿಸೋಣ.

ಕೆಳಗಿನ ಲೇಯರಿನಲ್ಲಿ ನೀವು ತೆಗೆದ ಫೋಟೋ. ಅದಕ್ಕೆ ಬೀಗ ಹಾಕಿ. ನಿಂತಿರುವ ಮಿನಾರನ್ನು ನಕಲು ಮಾಡಿ, ಎಡಬಲ ತಿರುಗಿಸಿ, ಬರಿದಾದ ಮೂಲೆಗೆ ತನ್ನಿ. ಇದು ಎರಡನೆಯ ಲೇಯರು. ಬುಡದ ಕಡೆ ಮುರಿದ ಗೋಡೆಯ ಹಿಂದೆ ಇದು ಮರೆಯಾಗಬೇಕಲ್ಲ? ರಬ್ಬರಿನಿಂದ ಅಳಿಸಬೇಡಿ. ಒಂದು ಮಾಸ್ಕ್ ಹಾಕಿ. ಮಾಸ್ಕ್ ಎಂದರೆ ಅದೇ ಅಳತೆಯ ಕಪ್ಪುಬಿಳುಪಿನ ಇನ್ನೊಂದು ಚಿತ್ರ: ಬಿಳಿ ಇದ್ದಲ್ಲಿ ಮಿನಾರು ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ, ಬೂದು ಇದ್ದಲ್ಲಿ ಅರೆಬರೆ. ಒಂದು ಚುಕ್ಕಿಯಲ್ಲಿ ಮಾಸ್ಕಿನ ಬೆಲೆ ಕಾಲು ಭಾಗ, ಮಿನಾರಿನ ಸಂಖ್ಯೆ 200, ಹಿಂದಿನದು 40 ಎನ್ನಿ. 200ರ ಕಾಲು 50, 40ರ ಮುಕ್ಕಾಲು 30, ತೆರೆಯ ಮೇಲೆ ಕಾಣುವುದು 80. ಮೂಲದ 200, 40 ಎರಡೂ ಹಾಗೆಯೇ ಇವೆ. ಪಾರದರ್ಶಕತೆಯನ್ನು ಹೀಗೆ ನಾಲ್ಕನೆಯ ಸಂಖ್ಯೆಯಾಗಿ ಪ್ರತಿ ಪಿಕ್ಸೆಲ್ಲಿಗೂ ಅಂಟಿಸುವ ಉಪಾಯ 1970ರ ದಶಕದ ಕೊನೆಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಅವರದು. ಅದಕ್ಕೊಂದು ಪೂರ್ಣ ಬೀಜಗಣಿತ ಕೊಟ್ಟವರು 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್. ಇಂದು ಮೊಬೈಲಿನ ಪರದೆಯ ಮೇಲೆ ಒಂದರ ಮೇಲೊಂದು ಏನೇ ಮೂಡಿದರೂ ಒಳಗೆ ಓಡುವುದು ಈ ಗುಣಾಕಾರ, ಸಂಕಲನವೇ.

ಮಿನಾರು ಎದ್ದಿತು, ಆದರೆ ಏನೋ ಸರಿಯಿಲ್ಲ. ಎಡಬಲ ತಿರುಗಿಸಿದಾಗ ಬಿಸಿಲೂ ತಿರುಗಿದೆ. ಹಳೆಯ ಮಿನಾರಿಗೆ ಬಲದಿಂದ ಬೆಳಕು, ಹೊಸದಕ್ಕೆ ಎಡದಿಂದ. ಮುಂಭಾಗದ ಅಕ್ಷರಪಟ್ಟಿಯ ತುಣುಕೇನಾದರೂ ಜೊತೆಗೆ ಬಂದಿದ್ದರೆ ಅರಬಿ ಬರಹ ಕನ್ನಡಿಯಲ್ಲಿ ಕಂಡಂತಾಗಿರುತ್ತದೆ. ಬೆಳಕು ಸರಿಪಡಿಸಲು ಮಿನಾರಿಗೆ ಮಾತ್ರ ಅನ್ವಯಿಸುವ ಒಂದು ಅಡ್ಜಸ್ಟ್‌ಮೆಂಟ್ ಲೇಯರು, ಅದಕ್ಕೂ ಒಂದು ಮಾಸ್ಕ್. ಅಕ್ಷರಕ್ಕೆ ಮತ್ತೊಂದು ತುಂಡು. ಹೀಗೆ ಏಳೆಂಟು ಲೇಯರಾಗುತ್ತವೆ. ತೆರೆಯ ಮೇಲೆ ನೀವು ಕಾಣುವ ಚಿತ್ರ ಕಡತದಲ್ಲಿ ಎಲ್ಲಿಯೂ ಕೂತಿರಬೇಕೆಂದೇನಿಲ್ಲ. ನೋಡಿದಾಗಲೆಲ್ಲ ಅದನ್ನು ಬುಡದಿಂದ ಲೆಕ್ಕ ಹಾಕಿ ಹೊಸದಾಗಿ ಮಾಡಬಹುದು. ಪ್ರತಿ ಸಲ ಇಡೀ ಚಿತ್ರದ ಲೆಕ್ಕ ಹಾಕಿದರೆ ಯಂತ್ರ ಏದುಸಿರು ಬಿಡುತ್ತದೆಂದು ತಂತ್ರಾಂಶ ಚಿತ್ರವನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿಕೊಂಡು, ಬದಲಾದ ಚೌಕಗಳನ್ನಷ್ಟೇ ಮತ್ತೆ ಲೆಕ್ಕಿಸುತ್ತದೆ.

ಈಗ ಎರಡನೆಯ ಲೇಯರಿನ ಪಕ್ಕದ ಕಣ್ಣಿನ ಗುರುತು ಒತ್ತಿ. ಮಿನಾರು ಮಾಯ, ಬರಿ ಮೂಲೆ. ಮತ್ತೆ ಒತ್ತಿ, ಮಿನಾರು. ಇಲ್ಲಿ ನನಗೆ ಈ ತಂತ್ರದ ನಿಜವಾದ ಬೆಲೆ ಕಾಣುತ್ತದೆ, ಮದುವೆಯ ಬ್ಯಾನರಿನ ಅನುಕೂಲಕ್ಕಿಂತ ಹೆಚ್ಚಾಗಿ. ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ರೂಪಿಸಿದ ವೆನಿಸ್ ಸನ್ನದು ಎರಡು ಮಾತು ಹೇಳುತ್ತದೆ: ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಕಳೆದುಹೋದ ಭಾಗಕ್ಕೆ ಹೊಸದನ್ನು ಸೇರಿಸಿದರೆ ಅದು ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತು ಸಿಗಬೇಕು. ಕಲ್ಲುಗಾರೆಯಲ್ಲಿ ಈ ಎರಡನ್ನೂ ಪಾಲಿಸುವುದು ಬಹಳ ಕಷ್ಟ. ಲೇಯರಿರುವ ಕಡತದಲ್ಲಿ ಸುಲಭ. ಬೀದರಿನ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಅರಸ ಅಹಮದ್ ಶಾಹ ವಲಿಯ ಗೋರಿಯ ಒಳಗೋಡೆಗಳ ಮಾಸಿದ ಚಿತ್ತಾರಕ್ಕೂ ಹೀಗೇ ಮಾಡಬಹುದು. ಗೋಡೆಗೆ ಕುಂಚ ತಾಕಿಸದೆ, ಫೋಟೋದ ಮೇಲೊಂದು ಲೇಯರಿನಲ್ಲಿ ಬಣ್ಣ ತುಂಬಿ, ಆ ಲೇಯರಿಗೆ "ಊಹೆ" ಎಂದೇ ಹೆಸರಿಟ್ಟರಾಯಿತು. ನಾಳೆ ಇನ್ನೊಬ್ಬ ವಿದ್ವಾಂಸರು ಬಂದು ತಪ್ಪೆಂದರೆ ಅದನ್ನು ಆರಿಸಿ ತಮ್ಮದನ್ನು ಸೇರಿಸುತ್ತಾರೆ. ಆದರೆ ಎಲ್ಲ ಲೇಯರನ್ನೂ ಒಂದಾಗಿಸಿ ಜೆಪೆಗ್ ಮಾಡಿ ವಾಟ್ಸಾಪಿಗೆ ಬಿಟ್ಟೊಡನೆ ಕಂಡದ್ದೂ ಊಹಿಸಿದ್ದೂ ಕಲಸಿಹೋಗುತ್ತವೆ. ಎರಡು ಮಿನಾರಿನ ಮದರಸಾ "ಹಳೆಯ ಅಪರೂಪದ ಫೋಟೋ" ಎಂಬ ಹೆಸರಿನಲ್ಲಿ ಊರೆಲ್ಲ ತಿರುಗಲು ಒಂದು ಸಂಜೆ ಸಾಕು.

ಇದಕ್ಕೆಲ್ಲ ತೆರಬೇಕಾದ ಬೆಲೆಯೂ ಇದೆ. 6,000 × 4,000 ಚುಕ್ಕಿಯ ಒಂದು ಫೋಟೋ, ಸಂಕುಚಿಸದೆ ಲೆಕ್ಕ ಹಾಕಿದರೆ, 72 ಎಂಬಿ. ಪೂರ್ತಿ ಚಿತ್ರವಿರುವ ಪ್ರತಿ ಹೊಸ ಲೇಯರೂ ಪಾರದರ್ಶಕತೆ ಸೇರಿ 96 ಎಂಬಿ, ಒಂದು ಮಾಸ್ಕಿಗೆ 24. ಬರೀ ಸೂಚನೆಯ ಲೇಯರಿಗೆ ಮಾತ್ರ ಜಾಗ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಪಿಎಸ್‌ಡಿ ಕಡತ 2 ಜಿಬಿ ದಾಟುವಂತಿಲ್ಲ. ಹನ್ನೆರಡು-ಮೂವತ್ತಾರು ಇಂಚಿನ ಮದುವೆ ಆಲ್ಬಂ ಪುಟಗಳನ್ನು ಮಾಡುವವರಿಗೆ ಈ ಗೋಡೆ ಪರಿಚಿತ. ಇನ್ನು ಸೂಚನೆಗಳ ಸರದಿ. 100 ಇರುವ ಚುಕ್ಕಿಗೆ ಮೊದಲು 60 ಕೂಡಿ ಆಮೇಲೆ ಅರ್ಧ ಮಾಡಿದರೆ 80, ಮೊದಲು ಅರ್ಧ ಮಾಡಿ ಆಮೇಲೆ 60 ಕೂಡಿದರೆ 110. ಒಂದು ಲೇಯರು ಮೇಲೆ ಕೆಳಗೆ ಆದರೆ ಚಿತ್ರದ ಬಣ್ಣವೇ ಬೇರೆ.

ಮೂಲದಲ್ಲಿ ಇಲ್ಲದ್ದನ್ನು ಯಾವ ಲೇಯರೂ ತರಲಾರದು ಎಂಬುದನ್ನು ಬಿದರಿ ಪಾತ್ರೆಗಳ ಫೋಟೋ ತೆಗೆಯುವವರು ಬೇಗ ಕಲಿಯುತ್ತಾರೆ. ಸತು-ತಾಮ್ರದ ಮೈ ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ಉಪಚಾರದಲ್ಲಿ ಕಡುಗಪ್ಪಾಗಿರುತ್ತದೆ. ಅದರಲ್ಲಿ ಕೂರಿಸಿದ ಬೆಳ್ಳಿ ಥಳಥಳ ಹೊಳೆಯುತ್ತದೆ. ಕಪ್ಪಿಗೆ ಹೊಂದುವಂತೆ ಬೆಳಕು ಬಿಟ್ಟರೆ ಬೆಳ್ಳಿಯ ಬಳ್ಳಿ ಪೂರಾ 255ಕ್ಕೆ ಬಡಿದು ಅದರ ಸೂಕ್ಷ್ಮ ಗೆರೆಗಳು ಬಿಳಿಯ ಕಲೆಯಾಗುತ್ತವೆ. ಕ್ಯಾಮೆರಾ ಸಂಸ್ಕರಿಸದೆ ಕೊಡುವ 14 ಬಿಟ್ಟಿನ ರಾ ಕಡತದಲ್ಲಿ 256ರ ಬದಲು 16,384 ಮೆಟ್ಟಿಲು ಇರುವುದರಿಂದ ತಿದ್ದಲು ಹೆಚ್ಚು ಅವಕಾಶವಿದೆ, ಆದರೆ ಸಂವೇದಕವೇ ತುಂಬಿ ತುಳುಕಿದ್ದರೆ ಅಲ್ಲಿಯೂ ಏನೂ ಇಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಅಲ್ಲಾಡದಂತೆ ಇಟ್ಟು, ಕಪ್ಪಿಗೊಂದು ಬೆಳ್ಳಿಗೊಂದು ಎಂದು ಎರಡು ಫೋಟೋ ತೆಗೆದು, ಒಂದರ ಮೇಲೊಂದು ಇಟ್ಟು ಮಾಸ್ಕಿನಿಂದ ಬೆಸೆಯುವುದೇ ಉಪಾಯ.

ಬೀದರಿನಂಥ ಊರಿನಲ್ಲಿ ಅಕ್ಷರದ ಲೇಯರಿಗೆ ತನ್ನದೇ ಫಜೀತಿಯಿದೆ. ಅಕ್ಷರದ ಲೇಯರನ್ನು ತಿದ್ದುವಾಗ ಕೆಲಸಕ್ಕೆ ಬರುವುದು ಆಕೃತಿಯಲ್ಲ. ಯಾವ ಅಕ್ಷರ, ಯಾವ ಫಾಂಟು, ಎಷ್ಟು ದೊಡ್ಡದು ಎಂದು ಅದರಲ್ಲಿ ಬರೆದಿಟ್ಟ ಸೂಚನೆ. ಹಳೆಯ ಫೋಟೋಶಾಪ್‌ಗಳಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಅದಕ್ಕೇ ಅಂಗಡಿಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತದ ಫಾಂಟುಗಳನ್ನು ಹಿಡಿದುಕೊಂಡವು. ಅವುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಮೇಲೆ ತೊಟ್ಟದ್ದು ಕನ್ನಡದ ವೇಷ. ಉರ್ದುವನ್ನು ಇನ್‌ಪೇಜ್ ತಂತ್ರಾಂಶದಲ್ಲಿ ಜೋಡಿಸಿ ಆಕೃತಿಯಾಗಿ ತಂದು ಅಂಟಿಸುವುದು ರೂಢಿ. ಕನ್ನಡದ ಆ ಹಳೆಯ ಫಾಂಟಿಲ್ಲದ ಇನ್ನೊಂದು ಯಂತ್ರದಲ್ಲಿ ಪಿಎಸ್‌ಡಿ ತೆರೆದು ಹೆಸರನ್ನು ತಿದ್ದಲು ಹೋದರೆ, ವಧುವಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಗೀಚು ಕಾಣುತ್ತದೆ. ಇದಕ್ಕೆ ಹೆದರಿ ಹಲವರು ಅಕ್ಷರವನ್ನು ರಾಸ್ಟರ್ ಮಾಡಿ ಚುಕ್ಕಿಗಳಾಗಿಸಿಬಿಡುತ್ತಾರೆ. ಆಮೇಲೆ ಒಂದು ಕೊಂಬು ತಪ್ಪಿದ್ದರೂ ತಿದ್ದಲಾಗದು. ಸೂಚನೆಯನ್ನು ಉಳಿಸಿದರೆ ಸಾಲದು, ಅದನ್ನು ಓದಬಲ್ಲ ಫಾಂಟು ಮತ್ತು ತಂತ್ರಾಂಶ ಮುಂದೆಯೂ ಇರಬೇಕು. ಫೋಟೋಶಾಪ್ ಉಳಿಸುವಾಗ ಕೇಳುವ "ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ" ಪ್ರಶ್ನೆಗೆ ಹೌದೆಂದರೆ, ಲೇಯರುಗಳ ಜೊತೆಗೆ ಎಲ್ಲ ಬೆಸೆದ ಒಂದು ಚಿತ್ರವನ್ನೂ ಅದೇ ಕಡತದಲ್ಲಿ ಇಡುತ್ತದೆ. ಕಡತ ಒಂದಿಷ್ಟು ದಪ್ಪವಾಗುತ್ತದೆ, ಆಗಲಿ. ಹೆಸರುಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ, ಬಳಸಿದ ಫಾಂಟನ್ನೂ ಅದೇ ಫೋಲ್ಡರಿಗೆ ಹಾಕಿ, ಮುದ್ರಣಕ್ಕೆ ಕಳಿಸಿದ ಟಿಫ್ ಪ್ರತಿಯನ್ನು ಪಕ್ಕದಲ್ಲೇ ಇಡಿ.